ಎಲ್ ಕಮೀನೊ ರೆಯಾಲ್ ಎಂದರೆ ರಾಜಮಾರ್ಗ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಮಾತ್ರ ಕಡತದೊಳಗೆ ಹೋಗದೆ ನನ್ನ ಮೇಜಿನ ಮೇಲೆಯೇ ಉಳಿದಿದೆ. ಮಂಡ್ಯ ಜಿಲ್ಲೆಯಿಂದ ಹೋಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದದ್ದು. ಅದರ ಮುಖ್ಯ ಭಾಗ ಹೀಗಿದೆ:

“ನನ್ನ ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಒಂಬತ್ತನೆಯ ತರಗತಿಯಿಂದ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ. ಮನೆಯ ತೋಟ ನೋಡಿಕೊಳ್ಳಲು ಬರುವ ಮೆಕ್ಸಿಕೋದವರೊಂದಿಗೆ ನಗುನಗುತ್ತ ಆ ಭಾಷೆಯಲ್ಲಿ ಮಾತನಾಡುತ್ತಾಳೆ. ಊರಿನಿಂದ ನನ್ನ ತಾಯಿ ಫೋನ್ ಮಾಡಿದರೆ ‘ಚೆನ್ನಾಗಿದ್ದೇನೆ ಅಜ್ಜಿ’ ಎನ್ನುವಲ್ಲಿಗೆ ಅವಳ ಕನ್ನಡ ಮುಗಿಯುತ್ತದೆ. ಈಗ ಎ.ಪಿ., ಅಂದರೆ ಕಾಲೇಜು ಮಟ್ಟದ, ಸ್ಪ್ಯಾನಿಷ್ ಪರೀಕ್ಷೆ ಬರೆಯುತ್ತೇನೆ ಎನ್ನುತ್ತಿದ್ದಾಳೆ. ನಮ್ಮದಲ್ಲದ ಭಾಷೆಗೆ ನಾಲ್ಕು ವರ್ಷ ಸುರಿಯುವ ಬದಲು ಅದನ್ನು ಬಿಡಿಸಿ ಆ ಹೊತ್ತನ್ನು ಕನ್ನಡಕ್ಕೆ ಕೊಡಿಸುವುದು ಸರಿಯಲ್ಲವೇ? ನೀವು ಕನ್ನಡ ಪತ್ರಿಕೆಯ ಸಂಪಾದಕರು. ನನ್ನ ಕಡೆಯೇ ಇರುತ್ತೀರಿ ಎಂದು ನಂಬಿದ್ದೇನೆ. ಮಗಳಿಗೂ ತೋರಿಸಬೇಕು, ದಯವಿಟ್ಟು ಉತ್ತರವನ್ನು ಇಂಗ್ಲಿಷಿನಲ್ಲಿ ಕಳುಹಿಸಿ.”

ನಂಬಿಕೆ ಇಟ್ಟದ್ದಕ್ಕೆ ವಂದನೆ. ಆದರೆ ನಾನು ನಿಮ್ಮ ಕಡೆ ಇಲ್ಲ.

ನಿಮ್ಮ ಸಂಕಟ ಸುಳ್ಳೆನ್ನುವುದಿಲ್ಲ. ಫೋನಿನ ಆ ತುದಿಯಲ್ಲಿ ಮೊಮ್ಮಗಳ ಎರಡನೆಯ ವಾಕ್ಯಕ್ಕಾಗಿ ಕಾದು ಕೂತ ಮುದುಕಿಯನ್ನು ನೆನೆದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂಬ ಲೆಕ್ಕವೂ ಸರಿಯೇ. ಅಷ್ಟನ್ನು ಒಪ್ಪಿಕೊಂಡು, ನನ್ನನ್ನು ಕೆಣಕಿದ ಮಾತಿಗೆ ಬರುತ್ತೇನೆ.

“ನಮ್ಮದಲ್ಲದ ಭಾಷೆ” ಎಂದಿರಿ. ಸ್ವಾಮಿ, ನೀವು ಕೂತು ಈ ಪತ್ರ ಬರೆದ ಊರಿನ ಹೆಸರು ಯಾವ ಭಾಷೆಯದು? 1777ರಲ್ಲಿ ಸ್ಪೇನಿನವರು ಕಟ್ಟಿದ ಊರು ಅದು. ‘ಜೆ’ ಎಂದು ಬರೆದು ‘ಹೊಸೆ’ ಎಂದು ಓದುವುದನ್ನು ವಿಮಾನ ಇಳಿದ ವಾರದಲ್ಲೇ ಕಲಿತಿರಿ. ನಿಮ್ಮ ಸುತ್ತಲಿನ ಲಾಸ್ ಗಾತೋಸ್ ಎಂದರೆ ಬೆಕ್ಕುಗಳು, ಲಾಸ್ ಆಲ್ಟೋಸ್ ಎಂದರೆ ಎತ್ತರದ ದಿಬ್ಬಗಳು, ಪಾಲೊ ಆಲ್ಟೊ ಎಂದರೆ ಎತ್ತರದ ಮರ. ಮಿಲ್ಪಿಟಾಸ್ ಎಂದರೆ ಮುಸುಕಿನ ಜೋಳದ ಸಣ್ಣ ಸಣ್ಣ ಹೊಲಗಳು. ನಮ್ಮ ಕಡೆಯಾಗಿದ್ದರೆ ಅದು ‘ಜೋಳದಹಳ್ಳಿ’ ಆಗಿರುತ್ತಿತ್ತು. ಶನಿವಾರ ಸಂಜೆ ದೋಸೆ ತಿನ್ನಲು ಕಾರು ನಿಲ್ಲಿಸುತ್ತೀರಲ್ಲ, ಆ ಎಲ್ ಕಮೀನೊ ರೆಯಾಲ್ ರಸ್ತೆಯ ಹೆಸರನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆ ಗೊತ್ತೇ? ರಾಜಮಾರ್ಗ. ನಮಗೆ ಉಳಿದು ಬಂದಿರುವ ಅತಿ ಹಳೆಯ ಕನ್ನಡ ಗ್ರಂಥದ ಹೆಸರಿನಲ್ಲೇ ಇರುವ ಮಾತು. ಅದರ ಪಕ್ಕದಲ್ಲಿ ಮಸಾಲೆ ದೋಸೆ ತಿಂದು ಬಂದು ‘ನಮ್ಮದಲ್ಲ’ ಎನ್ನುವುದು ಯಾವ ನ್ಯಾಯ?

ತಮಾಷೆ ಸಾಕು. ನಿಮ್ಮ ರಾಜ್ಯದ 1849ರ ಮೊದಲ ಸಂವಿಧಾನದಲ್ಲಿ ಕಾನೂನುಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕೆಂದು ಬರೆದಿತ್ತು. ಹಿಂದಿನ ವರ್ಷವಷ್ಟೇ ಮೆಕ್ಸಿಕೋದಿಂದ ಆ ನೆಲ ಕೈಬದಲಾಗಿತ್ತು. ಜನ ಇದ್ದಲ್ಲೇ ಇದ್ದರು, ಗಡಿ ಅವರ ಮೇಲೆ ಹಾದು ಹೋಗಿತ್ತು. ಮೂವತ್ತು ವರ್ಷಕ್ಕೆ, 1879ರ ಸಂವಿಧಾನದಲ್ಲಿ, ಸ್ಪ್ಯಾನಿಷ್ ಮಾಯ. ಬೆಳಗಾವಿಯನ್ನೂ ಕಾಸರಗೋಡನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆ ‘ಬಿಡಿಸುವ’ ಬುದ್ಧಿ ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲೇ ಬೇಕಾದಷ್ಟು ಕಥೆಗಳಿವೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಅಲ್ಲಿನ ಹೈಸ್ಕೂಲುಗಳಲ್ಲಿ ಲ್ಯಾಟಿನ್ ಬಿಟ್ಟರೆ ಮಕ್ಕಳು ಮುಗಿಬಿದ್ದು ಕಲಿಯುತ್ತಿದ್ದದ್ದು ಜರ್ಮನ್. ಯುದ್ಧ ಬಂತು, ಜರ್ಮನ್ ವೈರಿಯ ಭಾಷೆಯಾಯಿತು. ನೆಬ್ರಾಸ್ಕದಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ತಪ್ಪಿಗೆ ಒಬ್ಬ ಮೇಷ್ಟರಿಗೆ 25 ಡಾಲರ್ ದಂಡ ಬಿತ್ತು. ಆತ ಬಿಡದೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಗೆದ್ದ. ಅಷ್ಟು ಹೊತ್ತಿಗೆ ಶಾಲೆಗಳಲ್ಲಿ ಜರ್ಮನ್ ಹೆಚ್ಚುಕಡಿಮೆ ನೆಲ ಕಚ್ಚಿತ್ತು, ಅದು ತೆರವು ಮಾಡಿದ ಜಾಗದಲ್ಲಿ ಫ್ರೆಂಚ್ ಜೊತೆಗೆ ಸ್ಪ್ಯಾನಿಷ್ ಕೂಡ ಬಂದು ಕೂತಿತ್ತು.

ಹಾಗೆಂದು ಸ್ಪ್ಯಾನಿಷಿಗೆ ಸುಖವಿತ್ತು ಎಂದುಕೊಳ್ಳಬೇಡಿ. ಬಿಳಿಯರ ಮಕ್ಕಳು ಅದನ್ನು ಪಾಠವಾಗಿ ಕಲಿತರೆ ಮೆಚ್ಚುಗೆ. ಮನೆಮಾತಾಗಿ ಹೊತ್ತು ತಂದ ಮಕ್ಕಳಿಗೆ ಏಟು. ಟೆಕ್ಸಾಸಿನ ಮಾರ್ಫಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಬ್ಲ್ಯಾಕ್‌ವೆಲ್ ಶಾಲೆ ಇತ್ತು. 1954ರಲ್ಲಿ ಅಲ್ಲಿ ಒಂದು ಶವಸಂಸ್ಕಾರ ನಡೆಯಿತು. ಮಕ್ಕಳ ಕೈಯಲ್ಲೇ ಚೀಟಿಗಳ ಮೇಲೆ ಸ್ಪ್ಯಾನಿಷ್ ಪದಗಳನ್ನು ಬರೆಸಿ, ಪೆಟ್ಟಿಗೆಯೊಳಗೆ ಹಾಕಿಸಿ, ‘ಮಿಸ್ಟರ್ ಸ್ಪ್ಯಾನಿಷ್’ ಸತ್ತನೆಂದು ಶಾಲೆಯ ಅಂಗಳದಲ್ಲಿ ಹೂಳಿಸಿದರು. ತಾಯಿಯನ್ನು ಕರೆಯುವ ಪದವನ್ನೂ ಯಾವುದೋ ಮಗು ಆ ಚೀಟಿಯಲ್ಲಿ ಬರೆದಿರಬಹುದೇ ಎಂದು ನನಗೆ ಪದೇ ಪದೇ ಅನ್ನಿಸುತ್ತದೆ. 2007ರಲ್ಲಿ ಆ ಮಕ್ಕಳು ಮುದುಕ ಮುದುಕಿಯರಾಗಿ ಮತ್ತೆ ಸೇರಿ, ಹೂತಿದ್ದನ್ನು ಮೇಲೆತ್ತುವ ಸಮಾರಂಭ ಮಾಡಿದರು. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸುವ ಕಾನೂನು ಬಂತು.

ಅಂಥ ಶಾಲೆಗಳಲ್ಲಿ ಏಟು ತಿಂದ ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲಿಲ್ಲ. ಅವರ ಮೊಮ್ಮಕ್ಕಳು ‘ನನಗೆ ಗೊತ್ತಿಲ್ಲ’ ಎನ್ನಲು ‘ನೊ ಸೆ’ ಎನ್ನುವ ಬದಲು ‘ನೊ ಸಾಬೊ’ ಎನ್ನುತ್ತಾರೆಂದು ಸ್ವಂತ ಬಂಧುಗಳೇ ಹಾಸ್ಯ ಮಾಡುತ್ತಾರೆ. ಮನೆಮಾತು ಮರೆತ ಇಂಥ ಮಕ್ಕಳಿಗೆಂದೇ ಹಲವು ಹೈಸ್ಕೂಲುಗಳಲ್ಲಿ ಬೇರೆ ಸ್ಪ್ಯಾನಿಷ್ ತರಗತಿಗಳಿವೆ. ನಿಮ್ಮ ತೋಟಕ್ಕೆ ಬರುವವರ ಮಗನೂ ಅಂಥ ಒಂದು ತರಗತಿಯಲ್ಲಿ ಕೂತಿರಬಹುದು. ನಿಮ್ಮ ಮನೆಯ ದುಃಖವೇ ಅವರ ಮನೆಯಲ್ಲೂ ಇರಬಹುದು. ಒಮ್ಮೆ ಕೇಳಿ ನೋಡಿ, ಮಗಳು ದುಭಾಷಿಯಾಗುತ್ತಾಳೆ.

ಈಗ ನಾನು ಕಣ್ಣಾರೆ ಕಂಡದ್ದು. ಕೆಲವು ವರ್ಷಗಳ ಹಿಂದೆ ನಿಮ್ಮ ಹತ್ತಿರದ ಸನಿವೇಲ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ಅವಳ ಹುಡುಗಿಗೂ ನಿಮ್ಮ ಮಗಳದೇ ವಯಸ್ಸು. ಫ್ರಿಜ್ಜಿನ ಬಾಗಿಲ ತುಂಬ ಹಳದಿ ಚೀಟಿಗಳು, ಒಂದೊಂದರಲ್ಲಿ ಒಂದೊಂದು ಕ್ರಿಯಾಪದ. ಹಾಲು ತೆಗೆಯಲು ಹೋದವನಿಗೆ ಕೇಳಿಸಿತು: ‘ಮೆ ಗುಸ್ತ ಎಲ್ ಕಫೆ, ಮೆ ಗುಸ್ತಾನ್ ಲೋಸ್ ಲಿಬ್ರೋಸ್.’ ಏನಮ್ಮ ಅದು ಎಂದೆ. “ತಾತ, ಇದೊಂದು ತಲೆನೋವು. ಕಾಫಿಯನ್ನು ಇಷ್ಟಪಡುವುದು ನಾನು, ಆದರೆ ಇವರು ಕಾಫಿಯನ್ನೇ ಕರ್ತೃ ಮಾಡುತ್ತಾರೆ. ತರಗತಿಯಲ್ಲಿ ಎಲ್ಲರೂ ಇಲ್ಲೇ ಎಡವುವುದು” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

“ಕನ್ನಡದಲ್ಲಿ ಹೇಳು” ಎಂದೆ.

“ನನಗೆ ಕಾಫಿ ಇಷ್ಟ.”

“ನಾನು ಎಂದೆಯೋ, ನನಗೆ ಎಂದೆಯೋ?”

ಹುಡುಗಿ ಸುಮ್ಮನಾದಳು. ನಾನು ಬಿಡಲಿಲ್ಲ. ಪುಸ್ತಕ ಹಿಡಿಸಿತು, ಪುಸ್ತಕಗಳು ಹಿಡಿಸಿದವು. ಬದಲಾದದ್ದು ನೀನೋ ಪುಸ್ತಕವೋ? ಅವಳು ಚೀಟಿಯನ್ನು ಕಿತ್ತು ಅದರ ಕೆಳಗೆ ‘ನನಗೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮತ್ತೆ ಅಂಟಿಸಿದಳು. ಆ ವಾರವೆಲ್ಲ ಇದೇ ಆಟ. ತಲೆ ನೋಯುವುದೂ ಅಲ್ಲಿ ‘ನನಗೆ’ಯೇ. ‘ಆಬ್ಲೊ’ ಎಂದರೆ ಸಾಕು, ‘ಮಾತನಾಡುತ್ತೇನೆ’ ಎಂದಂತೆ. ನಾನು ಎಂದು ಬೇರೆ ಹೇಳಬೇಕಾಗಿಲ್ಲ. ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಅಜ್ಜಿಯನ್ನೂ ನಾಯಿಮರಿಯನ್ನೂ ಒಂದೇ ‘ನೀನು’ವಿನಿಂದ ಕರೆಯುತ್ತಿದ್ದ ಹುಡುಗಿಗೆ ಬಹುವಚನದ ಮರ್ಯಾದೆ ಕಲಿಸಿದ್ದು ಸ್ಪ್ಯಾನಿಷ್ ಮೇಡಂ. ಉಳಿದವರು ‘ಟ’ ಎಂದು ತಡವರಿಸುವಲ್ಲಿ ಇವಳ ನಾಲಿಗೆ ಸಲೀಸಾಗಿ ‘ತ’ಕ್ಕೆ ಹೋಗುತ್ತಿತ್ತು. ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ‘ಞ’ ಇದೆಯಲ್ಲ, ಒಂದನೆಯ ತರಗತಿಯಲ್ಲಿ ಅದಕ್ಕೊಂದು ಪದ ಹೇಳಿ ಎಂದರೆ ಮೇಷ್ಟರು ಕಣ್ಣು ಕೆಂಪಗೆ ಮಾಡುತ್ತಿದ್ದರು. ಸ್ಪ್ಯಾನಿಷಿನ ‘ಸೆಞೋರಾ’, ‘ನಿಞೊ’ ಕೇಳಿದ ಮೇಲೆ ಆ ಅಕ್ಷರಕ್ಕೂ ಒಂದು ಉದ್ಯೋಗ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು.

ನೀವು ಹೆದರುತ್ತಿರುವ ಆ ಎ.ಪಿ. ಪರೀಕ್ಷೆಯ ಪೂರ್ತಿ ಹೆಸರು ‘ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ’. ನಮ್ಮ ಹುಡುಗಿ ಓದುತ್ತಿದ್ದಾಗ ಅದರಲ್ಲಿ ಒಂದು ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಬೇಕಿತ್ತು. ನಾಲ್ಕು ನಿಮಿಷ ಸಿದ್ಧತೆ, ಎರಡು ನಿಮಿಷ ಮಾತು. ಸ್ಪ್ಯಾನಿಷ್ ಆಡುವ ಯಾವುದಾದರೂ ನಾಡಿನ ಒಂದು ರೂಢಿಯನ್ನು ತಾನು ಬಲ್ಲ ಸಮುದಾಯದ ರೂಢಿಯೊಂದಿಗೆ ಹೋಲಿಸಬೇಕಿತ್ತು. ನಮ್ಮ ಹುಡುಗಿ ಮೆಕ್ಸಿಕೋದವರು ನವೆಂಬರ್ 1 ಮತ್ತು 2ರಂದು ಮಾಡುವ ಸತ್ತವರ ಹಬ್ಬವನ್ನು ಆರಿಸಿಕೊಂಡಿದ್ದಳು. ಅದಕ್ಕೆ ಎದುರಾಗಿ ಏನಿಡುವುದೆಂದು ತೋಚದೆ ಥ್ಯಾಂಕ್ಸ್‌ಗಿವಿಂಗ್‌ನ ಟರ್ಕಿ ಕೋಳಿಯನ್ನು ಹಿಡಿದುಕೊಂಡು ಒದ್ದಾಡುತ್ತಿದ್ದಳು.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ನನ್ನ ತಂಗಿ, “ನಮ್ಮಲ್ಲಿ ಎಡೆ ಇಡುವುದಿಲ್ಲವೇ?” ಎಂದಳು.

ಮಂಡ್ಯದವರಾದ ನಿಮಗೆ ಇದನ್ನು ವಿವರಿಸಬೇಕೇ? ಮಹಾಲಯ ಅಮಾವಾಸ್ಯೆ. ನಮ್ಮಪ್ಪನಿಗೆ ಬಾಳೆಯೆಲೆಯ ಮೇಲೆ ಮುದ್ದೆ, ಮಟನ್ ಸಾರು, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ಕಾಲು ಬಾಟಲಿ ಬ್ರಾಂದಿ. ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿ, ಒಳಗೆ ಬಂದವರು ಉಣ್ಣಲಿ ಎಂದು ಉಸಿರು ಬಿಗಿಹಿಡಿದು ಕಾಯುವುದು. ತಂಗಿ ಹೇಳುತ್ತ ಹೋದಂತೆ ಹುಡುಗಿ ತನ್ನ ಪುಸ್ತಕ ತಿರುವಿದಳು. ಅಲ್ಲೂ ಸತ್ತವರ ಚಿತ್ರದ ಮುಂದೆ ಅವರಿಗೆ ಇಷ್ಟವಾದ ಅಡುಗೆ, ಸಿಗರೇಟು, ತಕೀಲಾ ಬಾಟಲಿ. ಅಲ್ಲೂ ಕೊಪಾಲ್ ಎಂಬ ಅಂಟಿನ ಧೂಪ. ಬಂದವರಿಗೆ ದಾರಿ ತಪ್ಪದಿರಲೆಂದು ಚೆಂಡುಹೂವಿನ ಎಸಳು ಚೆಲ್ಲಿರುತ್ತಾರೆ. ನಾವು ಆಯುಧಪೂಜೆಗೆ ಬಸ್ಸು ಲಾರಿಗಳಿಗೆಲ್ಲ ಕಟ್ಟುವ ಆ ಚೆಂಡುಹೂವಿನ ತವರೇ ಮೆಕ್ಸಿಕೋ. ಸಪೋಟವೂ ಅಲ್ಲಿಯದೇ, ಹೆಸರನ್ನೂ ಅಲ್ಲಿಂದಲೇ ತಂದದ್ದು. ಸಾರಿಗೆ ಹಾಕುವ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರ ಊರೂ ಆ ಕಡೆಯೇ.

ಹುಡುಗಿ ಅಜ್ಜಿಯ ಪಕ್ಕ ನೆಲಕ್ಕೆ ಕೂತಳು. ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತದೆ? ಆಮೇಲೆ ಆ ಬ್ರಾಂದಿಯನ್ನು ಯಾರು ಕುಡಿಯುತ್ತಾರೆ? ಬೀಡಿ ಸೇದದ ಅಜ್ಜನಿಗೆ ಏನಿಡುತ್ತಾರೆ? ತಡವರಿಸುತ್ತ, ವಿಭಕ್ತಿಗಳನ್ನು ಅಡ್ಡಾದಿಡ್ಡಿ ಎಳೆಯುತ್ತ, ಆದರೆ ಪೂರ್ತಿ ಕನ್ನಡದಲ್ಲಿ. ಸ್ಪ್ಯಾನಿಷಿನಲ್ಲಿ ಎರಡು ನಿಮಿಷ ಮಾತನಾಡಲು ಅವಳು ಆ ಸಂಜೆ ಎರಡು ಗಂಟೆ ಕನ್ನಡ ಆಡಿದಳು. ಅವಳ ಅಮ್ಮ ಹತ್ತು ವರ್ಷ ಗದರಿಸಿದರೂ ಆಗದಿದ್ದ ಕೆಲಸ.

ಈಗ ನಿಮ್ಮನ್ನು ಸ್ವಲ್ಪ ಗದರಿಸಲು ಅನುಮತಿ ಕೊಡಿ. ಸ್ಪ್ಯಾನಿಷ್ ಮೇಡಂ ನಿಮ್ಮ ಮಗಳಿಗೆ ವಾರವಿಡೀ ಪಾಠ ಮಾಡುತ್ತಾರೆ, ಕ್ರಿಯಾಪದ ಬಾಯಿಪಾಠ ಕೇಳುತ್ತಾರೆ, ತಪ್ಪಿದರೆ ಅಂಕ ಕಳೆಯುತ್ತಾರೆ. ನೀವು ಕನ್ನಡಕ್ಕೆ ಏನು ಮಾಡಿದಿರಿ? ಭಾನುವಾರ ಒಂದು ಗಂಟೆಯ ಕನ್ನಡ ಶಾಲೆ, ಅದೂ ಹುಟ್ಟುಹಬ್ಬದ ಪಾರ್ಟಿ ಇಲ್ಲದಿದ್ದರೆ. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಲಂಗ ತೊಡಿಸಿ, ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟ ನಾಲ್ಕು ಸಾಲಿನ ಪದ್ಯ. ಆ ಶಾಲೆಗಳನ್ನು ಸಂಬಳವಿಲ್ಲದೆ ನಡೆಸುವವರ ಮೇಲೆ ನನಗೆ ಅಪಾರ ಗೌರವ. ಮಕ್ಕಳನ್ನು ಬಾಗಿಲಲ್ಲಿ ಇಳಿಸಿ ಕಾಫಿ ಕುಡಿಯಲು ಹೋಗುವ ಅಪ್ಪಂದಿರ ಮೇಲೆ ಇಲ್ಲ. ನಾವು ಮಕ್ಕಳಿಗೆ ಕನ್ನಡದ ಅಭಿಮಾನ ಕೊಡಲು ಹೋಗುತ್ತೇವೆ, ಕನ್ನಡದ ವ್ಯಾಕರಣ ಕೊಡುವುದಿಲ್ಲ.

ಅಮೆರಿಕದವರನ್ನು ಮಾತ್ರ ಬಯ್ದರೆ ಅನ್ಯಾಯವಾದೀತು. ಇಲ್ಲಿ ನಮ್ಮ ಕಥೆ ಇನ್ನೂ ಚಂದ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಯ ಅಂಕ ಎಲ್ಲರಿಗೂ ಬೇಕು. ಅದಕ್ಕಾಗಿ ಕನ್ನಡ ಬಿಟ್ಟು ಸಂಸ್ಕೃತ ಹಿಡಿಯುವ ಕನ್ನಡದ ಮಕ್ಕಳನ್ನು ಎಷ್ಟು ಬೇಕಾದರೂ ತೋರಿಸುತ್ತೇನೆ. ಕಾಳಿದಾಸನ ಮೇಲಿನ ಪ್ರೀತಿಗಲ್ಲ, ಅಂಕ ಬೀಳುತ್ತದೆ ಎಂದು. ಮೂರು ಭಾಷೆಗಳನ್ನು ವರ್ಷಗಟ್ಟಲೆ ಓದಿಸುತ್ತೇವೆ. ಬೋರ್ಡ್ ಪರೀಕ್ಷೆಯಲ್ಲಿ ಎರಡು ನಿಮಿಷ ಬಾಯಿಬಿಟ್ಟು ಮಾತನಾಡು ಎಂದು ಒಂದು ಭಾಷೆಯಲ್ಲೂ ಕೇಳುವುದಿಲ್ಲ. ನಿಬಂಧ ಗೈಡಿನಲ್ಲಿದೆ, ಪತ್ರಲೇಖನ ಗೈಡಿನಲ್ಲಿದೆ. ಅಜ್ಜಿ ಗೈಡಿನಲ್ಲಿಲ್ಲ. ಈ ವಿಷಯ ಎತ್ತಿದರೆ ನಾನು ನಿಲ್ಲುವುದಿಲ್ಲ ಎಂದು ನಮ್ಮ ಉಪಸಂಪಾದಕರು ಕೆಮ್ಮುತ್ತಿದ್ದಾರೆ. ನಿಲ್ಲಿಸಿದೆ.

ವ್ಯವಹಾರದ ಮಾತು ಎರಡು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು ಎರಡು ವರ್ಷ ಓದಿರಬೇಕು ಎನ್ನುತ್ತದೆ, ಮೂರಾದರೆ ಒಳ್ಳೆಯದು ಎನ್ನುತ್ತದೆ. ನಿಮ್ಮ ಮಗಳು ಆ ಹೊಸ್ತಿಲು ದಾಟಿಯಾಗಿದೆ. ಆದರೂ ಮುಂದುವರಿಯುತ್ತೇನೆ ಎನ್ನುತ್ತಿದ್ದಾಳೆ ಎಂದರೆ ಅದು ಪ್ರವೇಶಕ್ಕಾಗಿ ಅಲ್ಲ, ಹಿಡಿಸಿದೆ ಎಂದು. ಇನ್ನೊಂದು: 1998ರಲ್ಲಿ ಮತ ಹಾಕಿ ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ಕಟ್ಟಿಹಾಕಿದ ನಿಮ್ಮ ರಾಜ್ಯವೇ 2012ರಿಂದ ಎರಡು ಭಾಷೆ ಬಲ್ಲ ಹೈಸ್ಕೂಲು ಮಕ್ಕಳ ಡಿಪ್ಲೊಮಾಗೆ ದ್ವಿಭಾಷಾ ಮುದ್ರೆ ಹಾಕಿಕೊಡುತ್ತಿದೆ, 2016ರಲ್ಲಿ ಮತ್ತೆ ಮತ ಹಾಕಿ ಆ ಕಟ್ಟನ್ನೂ ಬಿಚ್ಚಿದೆ. ಒಂದು ಇಡೀ ರಾಜ್ಯ ಮನಸ್ಸು ಬದಲಾಯಿಸಬಹುದಾದರೆ ಒಬ್ಬ ಅಪ್ಪನಿಗೆ ಕಷ್ಟವೇ?

ಇನ್ನು ಉತ್ತರವನ್ನು ಇಂಗ್ಲಿಷಿನಲ್ಲಿ ಕಳುಹಿಸುವ ವಿಚಾರ. ಅದು ಆಗುವುದಿಲ್ಲ. ರಾತ್ರಿ ಊಟವಾದ ಮೇಲೆ ನೀವೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ. ಅವಳಿಗೆ ತಿಳಿಯದ ಪದ ಬಂದರೆ ಅದಕ್ಕೆ ಸ್ಪ್ಯಾನಿಷಿನಲ್ಲಿ ಏನನ್ನುತ್ತಾರೆಂದು ಅವಳನ್ನೇ ಕೇಳಿ. ಎಲ್ಲವನ್ನೂ ಓದುವ ತಾಳ್ಮೆ ಇಬ್ಬರಿಗೂ ಇಲ್ಲದಿದ್ದರೆ ಮಾರ್ಫಾ, ನೆಬ್ರಾಸ್ಕ, ನನ್ನ ಎಸ್ಸೆಸ್ಸೆಲ್ಸಿ ಗೊಣಗಾಟ ಎಲ್ಲ ಬಿಟ್ಟು ಎಡೆಯ ಭಾಗವನ್ನಷ್ಟೇ ಓದಿ. ಬೀಡಿ ಸೇದದ ಅಜ್ಜನಿಗೆ ಏನಿಡುತ್ತಾರೆ ಎಂಬ ಪ್ರಶ್ನೆಗೆ ನನ್ನ ತಂಗಿಗೂ ಉತ್ತರ ಗೊತ್ತಿರಲಿಲ್ಲ. ನಿಮ್ಮ ತಾಯಿಗೆ ಗೊತ್ತಿರಬಹುದು. ಮುಂದಿನ ಸಲ ಫೋನ್ ಬಂದಾಗ ಮಗಳ ಕೈಯಲ್ಲೇ ಕೇಳಿಸಿ, ನನಗೂ ಬರೆದು ತಿಳಿಸಿ.

— ಸಂಪಾದಕ