ವಕೀಲರಿಂದಲೇ ಶುರು ಮಾಡಿ
ಒಂದು ದೇಶದಲ್ಲಿ ಮಾತಿನ ಸ್ವಾತಂತ್ರ್ಯ, ವಕೀಲರ ಸ್ಥಿತಿ, ದೇಶದೊಳಗೇ ನೆಲೆ ಕಳೆದುಕೊಂಡವರ ಹಕ್ಕುಗಳನ್ನು ವಿಶ್ವಸಂಸ್ಥೆ ಹೇಗೆ ಗಮನಿಸುತ್ತದೆ, ಸೆಮಿನಾರಿಗೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯಲ್ಲೇ ಲಾ ಓದಿದವನು.

ಮೂರಕ್ಕೂ ಬೇರೆ ಬೇರೆ ವಿಶೇಷ ವರದಿಗಾರರಿದ್ದಾರೆ; ಪತ್ರಕರ್ತರಲ್ಲ, ವಿಶ್ವಸಂಸ್ಥೆ ನೇಮಿಸುವ ಸ್ವತಂತ್ರ ತಜ್ಞರು (Special Rapporteur). ಸಂಬಳವಿಲ್ಲದ ಕೆಲಸ ಅದು! ಆ ದೇಶ ಒಪ್ಪಿದರೆ ಮಾತ್ರ ಹೋಗಿ ನೋಡಬಹುದು. ಇಲ್ಲದಿದ್ದರೆ ಸರ್ಕಾರಕ್ಕೆ ಪತ್ರ ಬರೆದು ಉತ್ತರ ಕೇಳುತ್ತಾರೆ.

ವಕೀಲರ ವಿಷಯಕ್ಕೆ 1990ರ ಹವಾನಾ ತತ್ವಗಳನ್ನು, ಅಂದರೆ ವಕೀಲರ ಪಾತ್ರದ ಬಗ್ಗೆ ವಿಶ್ವಸಂಸ್ಥೆಯ ಮೂಲ ತತ್ವಗಳನ್ನು, ಓದಿ. 18ನೆಯದು ಮುಖ್ಯ: ಕಕ್ಷಿದಾರ ಮಾಡಿದ್ದನ್ನು ವಕೀಲನ ತಲೆಗೆ ಕಟ್ಟಬಾರದು. ನಮ್ಮ ದೇಶದಲ್ಲೂ 'ಇವನ ಕೇಸು ಯಾರೂ ಹಿಡಿಯಬಾರದು' ಅಂತ ಕೆಲವು ವಕೀಲರ ಸಂಘಗಳು ಠರಾವು ಮಾಡಿದ್ದುಂಟು, ಅಲ್ವಾ? ಅಂಥ ಠರಾವಿಗೆ ಬೆಲೆಯಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸೆಮಿನಾರಿನಲ್ಲಿ ಜಾಸ್ತಿ ಚರ್ಚೆ ಎಬ್ಬಿಸುವುದು ಇದೇ.

ನೆಲೆ ಕಳೆದುಕೊಂಡವರಿಗೆ ಅವರ ಬಗ್ಗೆಯೇ ಇರುವ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳು ಸಾಕು. 30 ಇವೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ.