ಪೀಟ್ ಗಾಡಿಯ ಮೇಲೆ ಕೂತ ತಾಯಿ

ಜರ್ಮನ್ ಚಿತ್ರಕಾರ ಫ್ರಿಟ್ಸ್ ಮಾಕೆನ್ಸನ್ ಅವರ ‘ಎಳೆಗೂಸು’ ಚಿತ್ರ ನೋಡಿ ಓದುಗರೊಬ್ಬರು ಕೇಳಿದ್ದಾರೆ: “ಇದನ್ನು ಇಂಪ್ರೆಷನಿಸ್ಟ್ ಚಿತ್ರ ಅಂತ ಓದಿದೆ. ಆದರೆ ಬೆಳಕಿನ ಆಟವೇ ಕಾಣೆ. ಹಾಲು ಕುಡಿಸುವ ತಾಯಿಯ ಮುಖದಲ್ಲಿ ನಗುವೂ ಇಲ್ಲ. ಯಾಕೆ? ಮಗಳು ಹ್ಯಾಂಬರ್ಗ್‌ನಲ್ಲಿದ್ದಾಳೆ, ಹೋದಾಗ ನೋಡುವ ಆಸೆ.”

ಮೇಡಂ, ನಮಸ್ಕಾರ.

ನಗು ಇಲ್ಲದ್ದಕ್ಕೆ ಕಾರಣ ಆ ತಾಯಿ ಕೂತಿರುವ ಜಾಗದಲ್ಲೇ ಇದೆ. ಅದು ಪೀಟ್ ಸಾಗಿಸುವ ಗಾಡಿ. ಜೌಗಿನಲ್ಲಿ ಗಿಡಗಂಟಿ ಸಾವಿರಾರು ವರ್ಷ ಕೊಳೆತು ಆಗುವ ಕರಿಮಣ್ಣೇ ಪೀಟ್. ಅದನ್ನು ಇಟ್ಟಿಗೆ ಹಾಗೆ ಕೊಯ್ದು, ಒಣಗಿಸಿ, ದೋಣಿಯಲ್ಲಿ ಉತ್ತರ ಜರ್ಮನಿಯ ಬ್ರೆಮೆನ್ ಪೇಟೆಗೆ ಸಾಗಿಸುತ್ತಿದ್ದರು, ಒಲೆ ಉರಿಸೋಕೆ. ಸೊಂಟ ಮುರಿಯುವ ಕೆಲಸ. ಜೌಗಿನಲ್ಲಿ ನೆಲೆಸಿದ ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಕಷ್ಟ, ಮೂರನೆಯದಕ್ಕೆ ರೊಟ್ಟಿ ಅಂತ ಅಲ್ಲಿ ಗಾದೆಯೇ ಇದೆ. ಆ ದುಡಿಮೆಯ ನಡುವೆ ಮಗುವಿಗೆ ಹಾಲು ಕೊಡಲು ಕೂತವಳು ಅವಳು. ಚಿತ್ರಕ್ಕೆ ಪೋಸು ಕೊಡುವ ನಗು ಎಲ್ಲಿಂದ ಬರಬೇಕು, ಅಲ್ವಾ?

ಇಂಪ್ರೆಷನಿಸಂ ಅಂದರೆ ಆಕಾರದ ಗಡಿಗಿಂತ ಆ ಕ್ಷಣದ ಬೆಳಕನ್ನು ಹಿಡಿಯುವ ಶೈಲಿ. ಆ ವಿಷಯದಲ್ಲಿ ನಿಮ್ಮ ಅನುಮಾನ ಸರಿ. 1874ರಲ್ಲಿ ಪ್ಯಾರಿಸ್‌ನ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಫ್ರೆಂಚ್ ಚಿತ್ರಕಾರ್ತಿ ಬರ್ತ್ ಮೊರಿಸೊ ತೊಟ್ಟಿಲ ಚಿತ್ರ ಇಟ್ಟಿದ್ದರು. ಅಲ್ಲಿ ಬಿಳಿ ಪರದೆಯೊಳಗೆ ಬೆಳಕು ಸೋಸಿ ಬರುತ್ತದೆ. ಮಾಕೆನ್ಸನ್ 1892ರಲ್ಲಿ ಬರೆದ ಈ ಚಿತ್ರದಲ್ಲಿ ಆಕಾರ ಎಲ್ಲೂ ಕರಗುವುದಿಲ್ಲ. ತಾಯಿ ಕಲ್ಲಿನಷ್ಟು ಗಟ್ಟಿಯಾಗಿ ಕೂತಿದ್ದಾಳೆ. ಜರ್ಮನಿಯಲ್ಲಿ ಇಂಪ್ರೆಷನಿಸ್ಟರು ಅಂದರೆ ಮೊದಲು ಬರುವ ಹೆಸರು ಲೀಬರ್‌ಮಾನ್, ಕೊರಿಂಟ್, ಸ್ಲೆಫೋಗ್ಟ್. ಮಾಕೆನ್ಸನ್ 1889ರಲ್ಲಿ ಇಬ್ಬರು ಗೆಳೆಯರ ಜೊತೆ ಕಲಾಶಾಲೆಗಳ ಸಹವಾಸ ಬಿಟ್ಟು ಬ್ರೆಮೆನ್ ಹತ್ತಿರದ ಜೌಗುನಾಡಿನ ವೋರ್ಪ್ಸ್‌ವೇಡ ಹಳ್ಳಿಯಲ್ಲಿ ನೆಲೆ ನಿಂತವರು. ಬಯಲಿನಲ್ಲೇ ಚಿತ್ರ ಬರೆಯುವ ಹಟ ಇಂಪ್ರೆಷನಿಸ್ಟರಿಗೂ ಅವರಿಗೂ ಒಂದೇ. ಆದರೆ ಹೋಲಿಕೆ ಜಾಸ್ತಿ ಎಳೆಯಬಾರದು.

ಈ ಚಿತ್ರದ ದೊಡ್ಡತನ ಬೇರೆ ಕಡೆ ಇದೆ. ಚರ್ಚಿನ ಗೋಡೆಯ ಮೇಲೆ ಮೇರಿಗೆ ಸಿಗುತ್ತಿದ್ದ ಜಾಗ ಇಲ್ಲಿ ಕೂಲಿ ಹೆಂಗಸಿಗೆ ಸಿಕ್ಕಿದೆ. ಆಳೆತ್ತರದ ಕ್ಯಾನ್ವಾಸು, ಹಿಂದೆ ಬರೀ ಬಯಲು. ಇಷ್ಟು ಬರೆದ ಮನುಷ್ಯ ಮುಂದೆ ನಾಜಿ ಪಕ್ಷ ಸೇರಿದರು ಅನ್ನೋದು ನನಗೆ ಇವತ್ತಿಗೂ ನೋವಿನ ವಿಷಯ.

1898ರಲ್ಲಿ ಪೌಲಾ ಬೆಕರ್ ಅನ್ನೋ ಹುಡುಗಿ ಅವರ ಹತ್ತಿರ ಕಲಿಯೋಕೆ ಬಂದಳು. ಮದುವೆಯಾದ ಮೇಲೆ ಪೌಲಾ ಮೋಡರ್ಸೋನ್ ಬೆಕರ್. ಗುರುವನ್ನು ಅವಳು ಬೇಗ ದಾಟಿದಳು. 1906ರ ಅವಳ ಚಿತ್ರದಲ್ಲಿ ತಾಯಿ, ಮಗು ಬತ್ತಲೆಯಾಗಿ ಒಬ್ಬರನ್ನೊಬ್ಬರು ಒತ್ತಿಕೊಂಡು ಮಲಗಿದ್ದಾರೆ. ಗಾಡಿ ಇಲ್ಲ, ಬಯಲಿಲ್ಲ, ನೋಡುವವರ ಕನಿಕರ ಕೇಳುವ ಯಾವುದೂ ಇಲ್ಲ. ಮರುವರ್ಷ ನವೆಂಬರ್‌ನಲ್ಲಿ ಹೆಣ್ಣುಮಗು ಹೆತ್ತಳು. ಹದಿನೆಂಟೇ ದಿನಕ್ಕೆ ತೀರಿಕೊಂಡಳು. ವಯಸ್ಸು 31. ನನ್ನ ಮನಸ್ಸು ಅವಳ ಚಿತ್ರದ ಕಡೆಗೇ ವಾಲುತ್ತದೆ.

ಹ್ಯಾಂಬರ್ಗ್‌ನಿಂದ ಬ್ರೆಮೆನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಮಾಕೆನ್ಸನ್ ಚಿತ್ರ ಅಲ್ಲಿನ ಕಲಾ ಮ್ಯೂಸಿಯಂ ಕುನ್ಸ್ಟ್‌ಹಾಲೆಯ ಸಂಗ್ರಹದಲ್ಲಿದೆ. ಪೌಲಾಳದು ಬೋಟ್ಷರ್‌ಸ್ಟ್ರಾಸೆ ಬೀದಿಯಲ್ಲಿ, ಅವಳದೇ ಹೆಸರಿನ ಮ್ಯೂಸಿಯಂನಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಮೊದಲು ಗುರುವಿನದು ನೋಡಿ, ಆಮೇಲೆ ಶಿಷ್ಯೆಯದು. ನೋಡಿ ಬಂದು ಖಂಡಿತ ಬರೆಯಿರಿ.

ಸಂಪಾದಕ