ಹಳ್ಳಿಯ ಆಚರಣೆಗಳ ಕ್ಷೇತ್ರಕಾರ್ಯಕ್ಕೆ ಹೋದಾಗ ನಾನೂ ನಂಬುವ ಹಾಗೆ ನಟಿಸಬೇಕಾ, ಇಲ್ಲಾ ಮೂಢನಂಬಿಕೆ ಅಂತ ನೇರವಾಗಿ ಹೇಳಬೇಕಾ?

ಎರಡೂ ಬೇಡ. ಜಾನಪದ ಎಂ.ಎ. ಪ್ರಬಂಧಕ್ಕೆ ಮಳೆ ಆಚರಣೆ ನೋಡಲು ಹೊರಟಿದ್ದೀರಿ, "ನನಗಂತೂ ನಂಬಿಕೆ ಇಲ್ಲ" ಅಂತ ಬರೆದಿದ್ದೀರಿ. ಗದಗದ ಕಡೆಯ ಒಂದು ಹಳ್ಳಿಗೆ ಗುರ್ಜಿ ಅನ್ನುವ ಮಳೆ ಆಚರಣೆ ನೋಡಲು ಹೋದಾಗ ನನ್ನ ತಲೆಯಲ್ಲೂ ಇದೇ ಇತ್ತು. ನನ್ನ ಪ್ರಬಂಧ ಹಾಳಾಗಿದ್ದು ಇದರಿಂದಲೇ.

ಆ ವರ್ಷ ರೋಹಿಣಿ ಮಳೆ ಕೈಕೊಟ್ಟಿತ್ತು. ಮೃಗಶಿರಾ ಮುಗಿಯುತ್ತಾ ಬಂದರೂ ಎರೆಹೊಲ ಹಸಿಯಾಗಿರಲಿಲ್ಲ. ಹೆಸರು ಬಿತ್ತುವ ಹದ ತಪ್ಪಿ ಹೋಗುತ್ತಿತ್ತು. ಆಗ ಊರವರು ಗುರ್ಜಿ ಹೊರಡಿಸಿದರು. ನೋಡದವರಿಗಾಗಿ ಹೇಳುತ್ತೇನೆ: ಸೆಗಣಿಯಲ್ಲಿ ಗುರ್ಜಿಯ ಮೂರ್ತಿ ಮಾಡಿ, ಗರಿಕೆ ಸಿಕ್ಕಿಸಿ, ರೊಟ್ಟಿ ಹಂಚಿನ ಮೇಲಿಟ್ಟು ಒಬ್ಬರು ತಲೆ ಮೇಲೆ ಹೊರುತ್ತಾರೆ. ಮನೆಮನೆ ಮುಂದೆ ನಿಂತು ಗಿರಗಿರ ತಿರುಗುತ್ತಾರೆ. ಮಕ್ಕಳು ಸುತ್ತ ಹಾಡುತ್ತಾರೆ. ಮನೆಯ ಹೆಣ್ಣುಮಕ್ಕಳು ಗುರ್ಜಿ ಮೇಲೆ ಕೊಡದಿಂದ ನೀರು ಸುರಿದು, ಜೋಳವೋ ಹಿಟ್ಟೋ ತಂದು ಹಾಕುತ್ತಾರೆ. ಕೂಡಿಬಂದದ್ದರಲ್ಲಿ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ.

ನಾನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್‌ನನ್ನು ಓದಿಕೊಂಡು ಹೋಗಿದ್ದೆ. ಮಾಟ-ಮಂತ್ರ ಅಂದರೆ ದಾರಿ ತಪ್ಪಿದ ವಿಜ್ಞಾನ ಅಂತ ಅವನು ಬರೆದಿದ್ದ. ಬೇಕಾದದ್ದನ್ನು ಅನುಕರಿಸಿ ತೋರಿಸಿದರೆ ಅದು ನಿಜಕ್ಕೂ ಆಗುತ್ತದೆ ಅಂತ ಜನ ತಿಳಿಯುತ್ತಾರೆ ಅನ್ನುವುದು ಅವನ ವಾದ. ಗುರ್ಜಿ ಮೇಲೆ ನೀರು ಬಿದ್ದರೆ ಮುಗಿಲಿನಿಂದಲೂ ಬೀಳುತ್ತದೆ! ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ಅದಕ್ಕೇ ಪ್ರಶ್ನಾವಳಿಯ ಮೊದಲ ಸಾಲಿನಲ್ಲೇ ಹಾಕಿದೆ: "ಗುರ್ಜಿ ಆಡಿದರೆ ಮಳೆ ಬರುತ್ತದೆ ಎಂದು ನಂಬುತ್ತೀರಾ? ಹೌದು / ಇಲ್ಲ."

ಈ ಒಂದು ಸಾಲು ಮಾಡಿದ ಅನಾಹುತವನ್ನು ಬಿಡಿಸಿ ಹೇಳಲೇಬೇಕು. ಊರಿನ ಮೇಷ್ಟ್ರು ನನ್ನ ಜೊತೆ ಇದ್ದಾಗ ಕೇಳಿದರೆ ಉತ್ತರ, "ಇಲ್ರೀ ಅಕ್ಕಾರ, ಹಿರ್ಯಾರು ಮಾಡ್ಕೊಂತ ಬಂದಾರ, ನಾವೂ ಮಾಡ್ತೀವಿ." ಮೇಷ್ಟ್ರು ಅತ್ತ ಹೋದ ಮೇಲೆ ಅದೇ ಮನುಷ್ಯ, "ಬರ್ತೈತ್ರೀ, ಬರದ ಏನ್ಮಾಡ್ತೈತಿ." ಯಾವುದನ್ನು ಬರೆದುಕೊಳ್ಳಲಿ? ಅವರು ಸುಳ್ಳು ಹೇಳಲಿಲ್ಲ. ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಯಾರೇ ಆದರೂ ಕೇಳುವವರ ಮುಖ ನೋಡುತ್ತಾರೆ. ಇವರಿಗೆ ಯಾವ ಉತ್ತರ ಬೇಕು, ನಮ್ಮನ್ನು ದಡ್ಡರು ಅಂತ ಬರೆದುಕೊಳ್ಳುತ್ತಾರಾ ಅಂತ ಅಳೆಯುತ್ತಾರೆ. ಒಬ್ಬ ಅಜ್ಜಿ, "ಯವ್ವಾ, ನೀ ಏನ್ ಬರಕೊಂತಿ ಬರಕೋ" ಅಂದು ಒಳಗೆ ಹೋದರು. ಆಮೇಲೆ ನನ್ನ ಹತ್ತಿರ ಮಾತೇ ಆಡಲಿಲ್ಲ. ಅವರ ಮನೆಯವರೂ ಅಷ್ಟೇ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಹೌದು-ಇಲ್ಲ ಗುರುತು ಹಾಕುತ್ತಾ ಕೂತವಳಿಗೆ ಕಣ್ಣೆದುರಿನದ್ದು ಕಾಣಲಿಲ್ಲ. ಗುರ್ಜಿ ಹೊತ್ತವರು ಯಾರು, ಅವರನ್ನು ಆರಿಸಿದ್ದು ಯಾರು? ಯಾವ ಓಣಿಗೆ ಹೋಯಿತು, ದಲಿತರ ಕೇರಿಗೆ ಹೋಯಿತಾ? ಯಾರು ಜಾಸ್ತಿ ಕೊಟ್ಟರು, ಕೊಡಲಾಗದವರು ಏನು ಮಾಡಿದರು? ಪ್ರಬಂಧ ಪರೀಕ್ಷಿಸಿದವರು ಇದನ್ನೇ ಕೇಳಿದರು. ನನ್ನ ಹತ್ತಿರ ಇದ್ದದ್ದು ಶೇಕಡಾವಾರು ಕೋಷ್ಟಕ ಮಾತ್ರ. ಮತ್ತೆ ನೋಡಿ ಬರೆಯಿರಿ ಅಂದರು. ಮರುವರ್ಷ ಹೋದರೆ ರೋಹಿಣಿ ಮಳೆ ಹದವಾಗಿ ಬಿದ್ದಿತ್ತು. ಊರಲ್ಲಿ ಗುರ್ಜಿಯೇ ಇಲ್ಲ!

ಆಗ ತಲೆಗೆ ಹೊಳೆಯಿತು. ಮಳೆ ಬಂದ ವರ್ಷ ಗುರ್ಜಿ ಇಲ್ಲ, ಸರಿ. ಫೆಬ್ರವರಿಯ ಒಣ ಬಿಸಿಲಲ್ಲೂ ಯಾರೂ ಗುರ್ಜಿ ಆಡುವುದಿಲ್ಲ. ಆಡಿದರೆ ಸಾಕು ಮಳೆ ಸುರಿಯುತ್ತದೆ ಅಂತ ನಿಜಕ್ಕೂ ಲೆಕ್ಕ ಹಾಕಿದ್ದರೆ ಬೇಸಿಗೆಯಲ್ಲೇ ಆಡಬಹುದಿತ್ತಲ್ಲ? ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1931ರ ಸುಮಾರಿಗೆ ಫ್ರೇಜರ್‌ಗೆ ಹಾಕಿದ ಆಕ್ಷೇಪ ಇದೇ. ಆಫ್ರಿಕಾದ ಜನ ಮಳೆ ತರಿಸುವ ರಾಜನ ಬಳಿ ಹೋಗುವುದು ಮಳೆಗಾಲ ಬಂದಾಗ, ಒಣಗಾಲದಲ್ಲಿ ಹೋಗುವುದಿಲ್ಲ ಅಂತ ಅವನು ಗುರುತಿಸಿದ. ನಾನು ಅದನ್ನೂ ಓದಿದ್ದೆ. ಊರಲ್ಲಿ ಕಾಣುವ ತನಕ ಅರ್ಥವಾಗಿರಲಿಲ್ಲ.

ಮತ್ತೆ ಮಳೆ ತಡವಾದ ವರ್ಷ ಹೋದೆ, ಪ್ರಶ್ನಾವಳಿ ಇಲ್ಲದೆ. ಗುರ್ಜಿ ಹೊತ್ತವನೇ ಮಾರನೇ ದಿನ ರೈತ ಸಂಪರ್ಕ ಕೇಂದ್ರದ ಮುಂದೆ ಬೀಜಕ್ಕೆ ಸರದಿಯಲ್ಲಿ ನಿಂತಿದ್ದ. ಮನೆಯಲ್ಲಿ ಬಿತ್ತುವ ಕೂರಿಗೆ ರಿಪೇರಿಯಾಗಿತ್ತು. ಮಗ ಮೊಬೈಲಲ್ಲಿ ಹವಾಮಾನ ನೋಡಿ ಹೇಳುತ್ತಿದ್ದ. ಒಂದು ಇನ್ನೊಂದಕ್ಕೆ ಅಡ್ಡ ಬರಲೇ ಇಲ್ಲ. ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1915ರಿಂದ 1918ರ ನಡುವೆ ಪಪುವಾ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದೂ ಇದನ್ನೇ. ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯಲು ಅಲ್ಲಿನವರಿಗೆ ಮಂತ್ರ ಬೇಕಿರಲಿಲ್ಲ, ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಬೇಕಿತ್ತು. ಎಲ್ಲೇ ಆಗಲಿ, ದೋಣಿ ಗಟ್ಟಿಯಾಗಿರಬೇಕು ಅನ್ನುವುದನ್ನು ಅವರು ಮರೆಯುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. "ಅವರು ನಂಬುತ್ತಾರೆ, ನಾನು ನಂಬಲ್ಲ" ಅಂತ ಗೆರೆ ಎಳೆದುಕೊಂಡು ಹಳ್ಳಿಗೆ ಹೋಗಬೇಡಿ. ನಟನೆ ಮಾಡಿದರೆ ಅಲ್ಲಿನ ಮಕ್ಕಳಿಗೂ ಗೊತ್ತಾಗುತ್ತದೆ. ಉಪದೇಶ ಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಯಾರಾದರೂ ಅವರಾಗಿಯೇ "ನಿಮಗೇನನ್ನಿಸತ್ತ್ರೀ" ಅಂತ ಕೇಳಿದರೆ ಮಾತ್ರ ನಿಮ್ಮ ಅನಿಸಿಕೆ ಇದ್ದ ಹಾಗೆ ಹೇಳಿ. ನನಗೆ ಕೇಳಿದ್ದರು, ಹೇಳಿದೆ. ಯಾರಿಗೂ ಬೇಜಾರಾಗಲಿಲ್ಲ.

ಒಂದು ಕಡೆ ಮಾತ್ರ ಸುಮ್ನೆ ಇರಬೇಡಿ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರಕ್ಕೆ ಕೂರಿಸಿದರೆ ನೋಟ್‌ಬುಕ್ ಮುಚ್ಚಿ ಗಾಡಿ ಕರೆಸಿ. ಅದು ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯಲ್ಲಿ ಅಪರಾಧ. 2020ರಿಂದ ಜಾರಿಯಲ್ಲಿದೆ. ಗುರ್ಜಿಯನ್ನೂ ಇದನ್ನೂ ಮೂಢನಂಬಿಕೆ ಅನ್ನುವ ಒಂದೇ ಚೀಲಕ್ಕೆ ತುಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಮೊದಲು ತಾರೀಖು ಬರೆಯಿರಿ, ಪಕ್ಕದಲ್ಲಿ ಯಾವ ಮಳೆ ನಡೆಯುತ್ತಿದೆ ಅಂತ ಬರೆಯಿರಿ. ಆಮೇಲೆ ಗುರ್ಜಿಯ ಹಿಂದೆ ಪ್ರತಿ ಮನೆಗೂ ನಡೆಯಿರಿ. ನಿಮ್ಮ ಪ್ರಬಂಧದ ಗೈಡ್, ಪ್ರಶ್ನಾವಳಿ ಬೇಕೇ ಬೇಕು ಅಂದರೆ ಮಾಡಿಕೊಡಿ, "ನಂಬುತ್ತೀರಾ" ಅನ್ನುವ ಸಾಲೊಂದನ್ನು ತೆಗೆದುಹಾಕಿ.